ಫುಲ್ ಸಸ್ಪೆನ್ಷನ್

ಪೂರ್ತಿ ಕಿವುಡನಾದವನಿಂದ ಮನೆಗೆ ತೊಂದರೆಯಿಲ್ಲ. ಅರ್ಧ ಕೇಳಿಸಿಕೊಂಡು ಉಳಿದರ್ಧವನ್ನು ತಾನೇ ತುಂಬಿಕೊಳ್ಳುತ್ತಾನಲ್ಲ, ಫಜೀತಿಯೆಲ್ಲ ಅವನಿಂದಲೇ. ಕಂಡಕ್ಟರಜ್ಜನ ಎಡಗಿವಿ ಅಂಥದ್ದು. ಜೀವಮಾನವೆಲ್ಲ ಬಸ್ಸಿನ ಬಾಗಿಲಲ್ಲಿ ನಿಂತು ಸೀಟಿ ಊದಿದ್ದಕ್ಕೆ ಆ ಕಿವಿ ಅವನಿಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿತ್ತು. ಊಟದ ಮೇಜಿನಲ್ಲಿ ಮೊಮ್ಮಗಳು ಕೂರುವುದು ಸರಿಯಾಗಿ ಅದೇ ಕಡೆ. ಆ ಹುಡುಗಿ ಬಾಯಿ ತೆಗೆದರೆ ಎದುರಿನವರಿಗೆ ಉಸಿರಾಡಲು ಬಿಡುವುದಿಲ್ಲ, ಅದಕ್ಕೇ ಮನೆಯಲ್ಲಿ ಅವಳ ಹೆಸರು ಲಾಯರಮ್ಮ.

ಆ ಸಂಜೆ ಅಜ್ಜ ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ ಕೂತಿದ್ದ. ಎದುರಿಗೆ ಮಗ, ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವನು, ತನ್ನ ಮನೆಯ ಅಡುಗೆಗೆ ಉಪ್ಪು ಕಮ್ಮಿಯೆಂದು ಗೊಣಗುತ್ತಿದ್ದ. ಸೊಸೆ ಒಂದು ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ, ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡಿದ್ದಳು.

"ನೋಡಪ್ಪಾ, ಅಮ್ಮಂಗೆ ಫುಲ್ ಸಸ್ಪೆನ್ಷನ್ನೇ ಆಗ್ಬೇಕು. ಅರ್ಧಂಬರ್ಧ ನಡೆಯಲ್ಲ," ಅಂದಳು ಲಾಯರಮ್ಮ.

"ಮುಂದಿಂದು ಮಾತ್ರ ಆದ್ರೆ ಸಾಲದಾ?" ಅಂದ ಮಗ.

"ಸಾಲಲ್ಲ. ಆ ಗುಡ್ಡಕ್ಕೆ ಫುಲ್ಲೇ. ಪಕ್ಕದ ಲೈನಿನವರದ್ದೂ ಫುಲ್ಲೇ ಅಲ್ವಾ ಅಮ್ಮಾ?"

"ಹೂಂ. ಆಗ್ಲಿ ಬಿಡಿ. ಸೊಂಟ, ಮಂಡಿ ಉಳಿದ್ರೆ ಸಾಕು ನಂಗೆ," ಅಂದಳು ಸೊಸೆ.

ಅಜ್ಜನ ಕೈಯಲ್ಲಿದ್ದ ಆಲೂಗಡ್ಡೆ ಜಾರಿ ತಟ್ಟೆಗೆ ಬಿತ್ತು. "ಸಸ್ಪೆನ್ಷನ್ನಾ?" ಎಂದ.

"ಹೂಂ ಅಜ್ಜಾ, ಫುಲ್ಲು!" ಮೊಮ್ಮಗಳು ಖುಷಿಯಿಂದಲೇ ಕೂಗಿದಳು.

ಅವರು ಮಾತಾಡುತ್ತಿದ್ದದ್ದು ಸೈಕಲ್ಲಿನ ವಿಷಯ. ಕಲ್ಲುದಾರಿಯಲ್ಲಿ ಗುಡ್ಡ ಹತ್ತುವ ಬ್ಯಾಟರಿ ಸೈಕಲ್ಲು. ಮುಂದಿನ ಚಕ್ರಕ್ಕಷ್ಟೇ ಕುಲುಕಾಟ ತಡೆಯುವ ಸ್ಪ್ರಿಂಗು ಇದ್ದರೆ ಅದು ಅರ್ಧ, ಸೀಟಿನ ಕೆಳಗೂ ಇದ್ದರೆ ಫುಲ್ ಸಸ್ಪೆನ್ಷನ್. ಆದರೆ ಅಜ್ಜ ಕಂಡಕ್ಟರು. ಬಸ್ಸಿನ ಅಡಿಯಲ್ಲಿರುವುದು ಡ್ರೈವರ್, ಮೆಕ್ಯಾನಿಕ್‌ಗಳ ಪಾಲು, ಅವರೂ ಅದನ್ನು ಸ್ಪ್ರಿಂಗ್ ಪ್ಲೇಟು ಅಂತಲೇ ಕರೆಯುತ್ತಿದ್ದರು. ಸಸ್ಪೆನ್ಷನ್ ಎಂಬ ಮಾತಿಗೆ ಡಿಪೋದಲ್ಲಿ ಇದ್ದದ್ದು ಒಂದೇ ಅರ್ಥ. ಅದು ಕಾಗದದಲ್ಲಿ ಬರುತ್ತಿತ್ತು, ಬಂದ ದಿನ ಗಂಡಸರು ಮನೆಗೆ ಹೋಗಲು ಹೆದರುತ್ತಿದ್ದರು.

ಸೊಸೆ ನೀರು ಸರಬರಾಜು ಕಚೇರಿಯಲ್ಲಿ ಲೈನ್ ನೋಡುವವಳು. ಊರ ಹಿಂದಿನ ಗುಡ್ಡದ ತಲೆಯ ಮೇಲೆ ದೊಡ್ಡ ತೊಟ್ಟಿ; ಅಲ್ಲಿಂದ ಇಳಿಯುವ ಪೈಪಿನ ಪಕ್ಕದಲ್ಲೇ ಕಲ್ಲು, ಬೇರು ತುಂಬಿದ ಕಾಲುದಾರಿ. ಅದನ್ನು ಹತ್ತಿ, ವಾಲ್ವು ತಿರುಗಿಸಿ, ಸೋರಿಕೆ ನೋಡಿ, ಮೇಲೆ ನೀರಿನ ಮಟ್ಟ ಓದಿ ಇಳಿಯುವುದು ಅವಳ ಕೆಲಸ. ವರ್ಷಗಟ್ಟಲೆ ಹತ್ತಿಳಿದ ಮಂಡಿ ಈಗ ಮುಷ್ಕರ ಹೂಡಿತ್ತು. ಡಾಕ್ಟರು ಕೆಲವು ವಾರ ರಜೆ ಬರೆದು, ಇನ್ನು ಗುಡ್ಡ ನಡೆಯಬೇಡಿ, ಸೈಕಲ್ ತುಳಿದರೆ ಮಂಡಿಗೆ ಒಳ್ಳೆಯದೇ ಎಂದಿದ್ದರು. ಕಚೇರಿಯವರು ರಜೆ ಮುಗಿದ ಮೇಲಿನ ತಪಾಸಣೆಯಲ್ಲಿ ತೊಟ್ಟಿಯವರೆಗೆ ಹತ್ತಿ ತೋರಿಸಿ, ಇಲ್ಲದಿದ್ದರೆ ಬಿಲ್ಲಿನ ಕೌಂಟರಿಗೆ ಹಾಕುತ್ತೇವೆ ಎಂದಿದ್ದರು. ಕೌಂಟರೆಂದರೆ ಸೊಸೆಗೆ ಜೀವ ಹೋದಂತೆ. "ಕಿಟಕಿ ಹಿಂದೆ ಕೂತು ಊರವರ ಬೈಗುಳ ತಿನ್ನೋದಾ? ಗುಡ್ಡದ ಮೇಲೆ ಗಾಳಿ ತಿಂದ್ಕೊಂಡು ಇದ್ದೋಳು ನಾನು," ಅಂದಿದ್ದಳು.

ಇಷ್ಟೆಲ್ಲ ಅಜ್ಜನಿಗೂ ಗೊತ್ತಿತ್ತು. ಈಗ ಆ ಪಾಪಿಗಳು ತಪಾಸಣೆಯವರೆಗೂ ಕಾಯದೆ ಕೆಲಸದಿಂದಲೇ ತೆಗೆದು ಕೂರಿಸಿದ್ದಾರೆ ಎಂದು ಅವನ ಕಿವಿ ಅವನಿಗೆ ಹೇಳಿತು. ಎರಡನೇ ಆಲೂಗಡ್ಡೆ ಬೇಡವೆಂದು ತಟ್ಟೆ ಸರಿಸಿ ಎದ್ದ.

ಅವನಿಗೂ ಒಮ್ಮೆ ಆ ಕಾಗದ ಬಂದಿತ್ತು. ಆಟ ಮುಗಿಸಿ ಬಂದ ಹುಡುಗರ ಒಂದು ಹಿಂಡು ಬಸ್ಸು ಹತ್ತಿತ್ತು. ಅವನಿನ್ನೂ ಮುಂದಿನ ಸೀಟುಗಳಿಗೆ ಟಿಕೆಟು ಹರಿಯುತ್ತಿದ್ದಾಗ ತಪಾಸಣೆಯವರು ಬಾಗಿಲಿಗೆ ಬಂದು, ಹುಡುಗರನ್ನು ಬಿಟ್ಟಿ ಬಿಟ್ಟಿದ್ದಾನೆಂದು ಬರೆದುಕೊಂಡು ಹೋದರು. ತಪ್ಪಿಲ್ಲವೆಂದು ತೀರ್ಮಾನವಾಗಲು ಒಂದು ವರ್ಷವೇ ಹಿಡಿಯಿತು. ಸೊಸೆ ಆಗಷ್ಟೇ ಮನೆಗೆ ಬಂದವಳು. ಮಗನಿಗೂ ಗಟ್ಟಿ ಕೆಲಸವಿರಲಿಲ್ಲ. ಅವಳೇ ಹೋಗಿ ಗುಡ್ಡದ ಕೆಲಸ ಹಿಡಿದು ಬಂದಳು, ಯಾರೂ ಹೇಳಿರಲಿಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಸಸ್ಪೆಂಡಾದ ಮರುದಿನ ಅಜ್ಜ ಮುಖ ತೊಳೆದು ಏನು ಮಾಡುವುದೆಂದು ತಿಳಿಯದೆ ನಡುಮನೆಯಲ್ಲಿ ನಿಂತಿದ್ದಾಗ, ಆ ಹೊಸ ಹುಡುಗಿ ದಿನದಂತೆಯೇ "ಮಾವ, ಡಬ್ಬ ಇಟ್ಟಿದೀನಿ" ಅಂದಳು. ಡ್ಯೂಟಿಗೆ ಹೋಗುವವನಿಗೆ ಕಟ್ಟಿದಂತೆಯೇ ಡಬ್ಬ. ಅವನು ಅದನ್ನು ಹಿಡಿದು ಹೊರಟು, ಡಿಪೋದ ಎದುರಿನ ಕಲ್ಲುಬೆಂಚಿನ ಮೇಲೆ ಕೂತು, ಮಧ್ಯಾಹ್ನ ಗೆಳೆಯರ ಜೊತೆ ತಿಂದು ಬಂದ. ಮಾರನೆಯ ದಿನವೂ ಹಾಗೆಯೇ. ಆ ಒಂದು ವರ್ಷ ಡಬ್ಬ ತಪ್ಪಲಿಲ್ಲ, ಎಲ್ಲಿ ಕೂತು ತಿನ್ನುತ್ತೀರಿ ಎಂದು ಅವಳು ಕೇಳಲೂ ಇಲ್ಲ. ಅವನು ಡಿಪೋದ ನಲ್ಲಿಯಲ್ಲಿ ಡಬ್ಬ ತೊಳೆದೇ ತಂದು ಕೊಡುತ್ತಿದ್ದ. ಉಪಕಾರವಾಯಿತು ಎಂದು ಬಾಯಿಬಿಟ್ಟು ಹೇಳಲು ಬಾರದ ಮನುಷ್ಯ, ತೊಳೆದ ಡಬ್ಬವೇ ಅವನ ಮಾತಾಗಿತ್ತು.

ಮರುದಿನ ಬೆಳಿಗ್ಗೆ ಸೊಸೆ ಏಳುವ ಮೊದಲೇ ಅಜ್ಜ ಒಲೆ ಹಚ್ಚಿದ. ಅವನಿಗೆ ಬರುತ್ತಿದ್ದದ್ದು ಮೊಟ್ಟೆ ಬೇಯಿಸುವುದೊಂದೇ, ಅದೂ ಗೋಡೆಗೆ ಹೊಡೆದರೆ ಪುಟಿಯುವ ಹದಕ್ಕೆ. ಎರಡು ಮೊಟ್ಟೆ, ನಾಲ್ಕು ತುಂಡು ಬ್ರೆಡ್ಡು, ಚಿಟಿಕೆ ಉಪ್ಪು ಡಬ್ಬಕ್ಕೆ ತುಂಬಿ ಬಾಗಿಲ ಪಕ್ಕ ಇಟ್ಟ.

"ಡಬ್ಬ ಇಟ್ಟಿದೀನಮ್ಮಾ."

ಸೊಸೆ ಕುಂಟುತ್ತ ಬಂದು ನೋಡಿ ನಕ್ಕಳು. "ನಾನು ರಜೆಯಲ್ಲಿದೀನಿ ಮಾವ. ಡಬ್ಬ ಯಾಕೆ?"

"ಗೊತ್ತು, ಎಲ್ಲಾ ಗೊತ್ತು. ನಾನೇನೂ ಕೇಳಲ್ಲ. ತಗೊಂಡು ಹೊರಗೆ ಎಲ್ಲಾದ್ರೂ ಕೂತು ತಿನ್ನು. ಇಂಥ ಹೊತ್ತಲ್ಲಿ ಮನೇಲಿ ಕೂತು ತಿಂದ್ರೆ ಗಂಟಲಲ್ಲಿ ಇಳಿಯಲ್ಲ."

ಅವಳ ನಗು ಅರ್ಧಕ್ಕೆ ನಿಂತಿತು. ಆದರೂ ಹಿರಿಯರ ಮಾತೆಂದು ಡಬ್ಬ ತೆಗೆದುಕೊಂಡು ಹಿತ್ತಲಿಗೆ ಹೋಗಿ, ಒಣಹಾಕಿದ ಬಟ್ಟೆಗಳ ಕೆಳಗೆ ಕೂತು ತಿಂದಳು. ಅಜ್ಜ ಕಿಟಕಿಯಿಂದ ನೋಡಿ ಸಮಾಧಾನಪಟ್ಟ. ಒಂದು ವಾರ ಇದೇ ನಡೆಯಿತು. ಮಳೆ ಹನಿಯುತ್ತಿದ್ದ ದಿನ ಅವಳು ಕೊಡೆ ಹಿಡಿದು ಹಿತ್ತಲಲ್ಲಿ ಮೊಟ್ಟೆ ತಿನ್ನುವುದನ್ನು ಪಾಳಿ ಮುಗಿಸಿ ಬಂದ ಮಗ ನೋಡಿದ.

"ಏನಪ್ಪಾ ಇದು? ಅವಳ ಮನೇಲಿ ಅವಳು ಊಟ ಮಾಡ್ಬಾರ್ದಾ? ಮಂಡಿ ನೋವಿರೋ ಹೆಂಗಸನ್ನ ಮಳೇಲಿ ಹೊರಗೆ ಅಟ್ತೀರಲ್ಲ!"

"ಅದು ನಂಗೂ ಅವಳಿಗೂ ಇರೋ ಮಾತು. ನಿಂಗೆ ತಿಳಿಯಲ್ಲ, ಸುಮ್ನಿರು."

"ನಂಗೂ ತಿಳಿದಿಲ್ಲ ಮಾವ," ಅಂದಳು ಒಳಗೆ ಬಂದ ಸೊಸೆ, ಮೆಲ್ಲಗೆ. ಎಷ್ಟು ಮೆಲ್ಲಗೆ ಎಂದರೆ ಎಡಗಿವಿಗೆ ಅದು ಬೀಳಲೇ ಇಲ್ಲ.

ಈ ನಡುವೆ ಸೈಕಲ್ಲಿನ ಚರ್ಚೆ ಮೇಜಿನಿಂದ ಇಳಿಯಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಅಪ್ಪನದೊಂದು, ಮಗಳದೊಂದು. ಅಪ್ಪನಿಗೆ ಹಿಂದಿನ ಚಕ್ರದ ನಡುವೆಯೇ ಮೋಟಾರಿರುವ ಸೈಕಲ್ಲು ಇಷ್ಟ. "ಸರಳ ವ್ಯವಹಾರ. ಚೈನು ಹರಿದ್ರೂ ಮನೆ ಮುಟ್ಟಿಸುತ್ತೆ." ಮಗಳಿಗೆ ಪೆಡಲಿನ ಬುಡದಲ್ಲಿ ಮೋಟಾರಿರುವುದೇ ಆಗಬೇಕು. "ಅದು ಗೇರಿನ ಮೂಲಕ ತುಳಿಯುತ್ತಪ್ಪಾ. ಏರು ಹೆಚ್ಚಾದ್ರೆ ಗೇರು ಇಳಿಸ್ಕೊಳ್ಬಹುದು. ನಿಂದು ನಿಧಾನಕ್ಕೆ ಹತ್ತುವಾಗ ಬಿಸಿಯಾಗಿ ಕೂತ್ಬಿಡುತ್ತೆ. ಆಮೇಲೆ ಅಮ್ಮ ಅದನ್ನ ಹೊತ್ಕೊಂಡು ಬರ್ಬೇಕಾ?"

ಕೊನೆಗೆ ಸೊಸೆ ಮಾವನ ಕಡೆ ತಿರುಗಿದಳು. "ನೀವೇನಂತೀರಿ ಮಾವ? ನೀವು ಹೂಂ ಅಂದ್ರೇನೇ ನಾನು ಅಂಗಡಿ ಮೆಟ್ಟಿಲು ಹತ್ತೋದು."

ಅಜ್ಜ ಕೆಂಡದ ಮೇಲೆ ಕೂತವನಂತಿದ್ದ. ಮನೆಯಾಕೆಯ ಕೆಲಸ ಹೋಗಿದೆ, ಇವರು ಮೋಟಾರು ಎಲ್ಲಿರಬೇಕೆಂದು ಜಗಳವಾಡುತ್ತಿದ್ದಾರೆ! "ಇಂಥ ಹೊತ್ತಲ್ಲಿ ಸೈಕಲ್ಲಾ? ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು. ಮೊದ್ಲು ಕೆಲಸ ಉಳೀಲಿ, ಆಮೇಲೆ ಸೈಕಲ್ಲು," ಅಂದ.

"ಸೈಕಲ್ ಇದ್ರೇ ತಾನೇ ಕೆಲಸ ಉಳಿಯೋದು ಮಾವ?"

"ಬೇಡ ಅಂದ್ರೆ ಬೇಡ."

ಸೊಸೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು, ಮೇಜು ಹಿಡಿದು ಎದ್ದು ಒಳಗೆ ಹೋದಳು. ಲಾಯರಮ್ಮನ ಕಣ್ಣು ಕೆಂಪಾಗಿತ್ತು. "ಅಮ್ಮನ ಮಂಡಿಗಿಂತ ನಿಮ್ಮ ಹಠ ಹೆಚ್ಚಾಯ್ತಾ ಅಜ್ಜಾ? ತಪಾಸಣೆ ಹತ್ರ ಬಂತು ಗೊತ್ತಾ?" ಇದು ಮಾತ್ರ ಎರಡೂ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು.

ಮರುದಿನ ಅಜ್ಜ ಪೆಟ್ಟಿಗೆಯಲ್ಲಿದ್ದ ಹಳೆಯ ಸಮವಸ್ತ್ರದ ಕೋಟಿಗೆ ಇಸ್ತ್ರಿ ಹಾಕಿ, ತೊಟ್ಟು, ನೀರಿನ ಕಚೇರಿಗೆ ಹೊರಟ. ಅಲ್ಲಿನ ದೊಡ್ಡ ಇಂಜಿನಿಯರು ಒಬ್ಬ ಹೆಂಗಸು. ಎದುರಿಗೆ ಕುರ್ಚಿ ತೋರಿಸಿದರೂ ಅವನು ಕೂರಲಿಲ್ಲ.

"ಮೇಡಂ, ನಾನೂ ಒಮ್ಮೆ ಸಸ್ಪೆಂಡಾಗಿದ್ದೋನು. ಅದರ ರುಚಿ ನಂಗೆ ಗೊತ್ತು. ನನ್ನ ಸೊಸೆ ಮಂಡಿ ಸವೆದಿದ್ದು ನಿಮ್ಮ ಪೈಪಿನ ಹಿಂದೆ ನಡೆದೂ ನಡೆದೂ. ಅವಳು ಆ ಗುಡ್ಡ ಹತ್ತೋಕೆ ಶುರು ಮಾಡಿದ್ದು ನನ್ನಿಂದ. ನನ್ನ ಮನೆ ಒಲೆ ಆರದ ಹಾಗೆ ನೋಡ್ಕೊಂಡೋಳು. ಕೈ ಮುಗಿದು ಕೇಳ್ತೀನಿ, ಫುಲ್ ಸಸ್ಪೆನ್ಷನ್ ಮಾಡ್ಬೇಡಿ. ಮುಂದಿಂದು ಮಾತ್ರ ಮಾಡಿದ್ರೂ ಸಾಕು ಅಂತ ನನ್ನ ಮಗ ಹೇಳ್ತಿದ್ದ."

ಇಂಜಿನಿಯರಮ್ಮನಿಗೆ ತಲೆಬುಡ ತಿಳಿಯಲಿಲ್ಲ. "ಯಾರು ಸಸ್ಪೆಂಡ್ ಮಾಡಿದ್ದು? ನಾನಂತೂ ಮಾಡಿಲ್ಲ. ಹೋದ ವಾರ ಅವರೇ ಬಂದು, ಲೈನಿನ ಮೇಲೆ ಸೈಕಲ್ ಓಡಿಸ್ಬಹುದಾ, ಫುಲ್ ಸಸ್ಪೆನ್ಷನ್ ಸೈ..." ಎಂದವಳು ಥಟ್ಟನೆ ನಿಂತು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಗು ಒಂದು ಹದಕ್ಕೆ ಬಂದಮೇಲೆ ಪೆನ್ನಿನ ತಲೆಯನ್ನು ಟಕ್ ಎಂದು ಒತ್ತಿ ಬಿಟ್ಟಳು. "ಇದರೊಳಗೆ ಸ್ಪ್ರಿಂಗಿದೆಯಲ್ಲ ಅಜ್ಜಾ, ಒತ್ತಿದ್ರೆ ಕುಗ್ಗುತ್ತೆ, ಬಿಟ್ರೆ ಏಳುತ್ತೆ. ಸೈಕಲ್ಲಿನ ಸಸ್ಪೆನ್ಷನ್ ಅಂದ್ರೆ ಇದು."

ಅಜ್ಜ ಈಗ ಕೂತ.

"ತಪಾಸಣೆ ದಿನ ಮೇಲಿನ ತೊಟ್ಟಿ ಹತ್ರ ನಿಂತು ಮಟ್ಟ ಓದಿ ಹೇಳಿದ್ರೆ ಗುಡ್ಡದ ಕೆಲಸ ಅವರದ್ದೇ," ಅಂದಳು ಇಂಜಿನಿಯರಮ್ಮ. "ನಡ್ಕೊಂಡು ಬಂದ್ರೋ ತುಳ್ಕೊಂಡು ಬಂದ್ರೋ ಅದು ನಂಗೆ ಬೇಡ. ಅವರಷ್ಟು ಆ ಲೈನು ಬಲ್ಲವರು ನಮ್ಮಲ್ಲಿ ಯಾರೂ ಇಲ್ಲ."

ಸಂಜೆ ಮೇಜಿನ ಮುಂದೆ ಅಜ್ಜ ನಡೆದದ್ದನ್ನು ಬಿಡದೆ ಹೇಳಿದ. ಮಗ ಬಾಯಲ್ಲಿದ್ದ ನೀರನ್ನು ಮೇಜಿನ ಮೇಲೆಲ್ಲ ಚಿಮ್ಮಿಸಿದ. ಲಾಯರಮ್ಮ ನೆಲದ ಮೇಲೆ ಕೂತು ನಕ್ಕಳು. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ ಹಾಗಾಯ್ತಲ್ಲ ಅಜ್ಜಾ!" ಅಜ್ಜನೂ ನಕ್ಕ. ನಗದೆ ಇದ್ದವಳು ಸೊಸೆ ಒಬ್ಬಳೇ.

"ಅದಕ್ಕಾ ಡಬ್ಬ?" ಎಂದಳು.

ಅಜ್ಜ ತಲೆ ತಗ್ಗಿಸಿದ. "ಹೂಂ."

"ಹೊರಗೆ ಕೂತು ತಿನ್ನು ಅಂದಿದ್ದೂ ಅದಕ್ಕೇನಾ? ನಾನು ಏನೇನೋ ಅಂದ್ಕೊಂಡೆ ಮಾವ. ಕೂತು ತಿನ್ನೋಳು ಅಂತ ನಿಮಗೆ ಬೇಸರ ಬಂತೇನೋ ಅಂತ..." ಅವಳು ಮೇಜಿನ ಮೇಲೆ ಚೆಲ್ಲಿದ್ದ ನೀರು ಒರೆಸಿದಳು. "ಅಷ್ಟು ಹಳೇದು, ನಿಮಗಿನ್ನೂ ನೆನಪಿದೆಯಾ?"

"ಉಂಡ ಬಾಯಿ ಮರೆಯುತ್ತೇನಮ್ಮಾ? ನೀನು ಆವತ್ತು ಒಂದೇ ಒಂದು ಮಾತು ಕೇಳಿದ್ರೂ ನಾನು ಈ ಬೀದೀಲಿ ತಲೆ ಎತ್ತಿ ನಡೀತಿರ್ಲಿಲ್ಲ. ಹೇಳ್ಬೇಕು ಹೇಳ್ಬೇಕು ಅಂದ್ಕೊಂಡೇ ಇಷ್ಟು ವರ್ಷ ಹೋಯ್ತು. ನಿನ್ನ ಉಪಕಾರ ದೊಡ್ಡದು ತಾಯಿ."

ಮಗ ಎದ್ದು ಹೋಗಿ ಸುಮ್ಮನೆ ಒಲೆ ಒರೆಸತೊಡಗಿದ. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಒಂದು ಮಾತು ಮಾವ, ಮೊಟ್ಟೆ ಇನ್ನು ಸ್ವಲ್ಪ ಬೇಗ ಇಳಿಸಿ," ಅಂದಳು. ಆಗ ಎಲ್ಲರೂ ಮತ್ತೆ ನಕ್ಕರು.

ರಜೆಯ ದಿನ ನಾಲ್ವರೂ ಸೈಕಲ್ ಅಂಗಡಿಗೆ ಹೋದರು. ಅಂಗಡಿಯವಳು ಗ್ರೀಸು ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಲೇ ಮೂರು ಸೈಕಲ್ಲು ಹೊರಗೆ ತಂದು, ಹಿಂದಿನ ಜಲ್ಲಿ ಹಾಸಿದ ಏರಿನಲ್ಲಿ ತುಳಿದು ನೋಡಿ ಅಂದಳು. ಮೊದಲನೆಯದು ಮಗ ಮೆಚ್ಚಿದ್ದು. ಸಮನೆಲದಲ್ಲಿ ಜುಮ್ಮೆಂದು ಹೋದದ್ದು ಏರಿನ ನಡುವೆ ಮುಲುಗಿ ನಿಂತೇಬಿಟ್ಟಿತು. ಚಕ್ರದಲ್ಲೇ ಮೋಟಾರಿನ ಭಾರ, ಕಲ್ಲಿಗೆ ಸಿಕ್ಕಾಗಲೆಲ್ಲ ಹಿಂಬದಿ ದಡಬಡ ಕುಣಿಯಿತು. ಮಗ ಮೀಸೆ ಸವರಿಕೊಂಡು ಆಕಾಶ ನೋಡಿದ.

ಎರಡನೆಯದು ಲಾಯರಮ್ಮ ಮೆಚ್ಚಿದ್ದು, ಪೆಡಲಿನ ಬುಡದಲ್ಲಿ ದೊಡ್ಡ ಮೋಟಾರು. ಸೊಸೆ ಕಾಲಿಟ್ಟಳೋ ಇಲ್ಲವೋ, ಅದು ಬಿಲ್ಲು ಬಿಟ್ಟ ಬಾಣದ ಹಾಗೆ ಹಾರಿತು. ಏರು ಹತ್ತಿಯೇ ಹತ್ತಿತು, ಆದರೆ ಇಳಿದವಳು ಮಂಡಿ ಹಿಡಿದುಕೊಂಡಳು.

"ಆಹಾ, ಇದು ಗಾಡಿ!" ಅಂದ ಅಜ್ಜ. ತಪ್ಪು ತಿಳಿದ ಪ್ರಾಯಶ್ಚಿತ್ತಕ್ಕೆ ಈಗ ಅವನಿಗೆ ಇಡೀ ಅಂಗಡಿಯನ್ನೇ ಕೊಡಿಸುವ ಹುಮ್ಮಸ್ಸು. "ದಮ್ಮಿರೋದೇ ತಗೋ ಅಮ್ಮಾ!"

"ದಮ್ಮಿದೆ ಮಾವ, ತಾಳ್ಮೆ ಇಲ್ಲ. ವಾಲ್ವಿನ ಹತ್ರ ಒಂದು ಕಾಲಿಟ್ಟು ನಿಲ್ಬೇಕಾಗುತ್ತೆ. ಹೀಗೆ ಹಾರಿದ್ರೆ ನಾನು ಹಳ್ಳದಲ್ಲಿ ಇರ್ತೀನಿ."

ಮೂರನೆಯದರಲ್ಲೂ ಮೋಟಾರು ಪೆಡಲಿನ ಬುಡದಲ್ಲೇ ಇತ್ತು, ಆದರೆ ಚಿಕ್ಕದು, ಸದ್ದೂ ಇಲ್ಲ. ಪಾದ ಎಷ್ಟು ಒತ್ತುತ್ತದೆಂದು ಅಳೆದು ಅದರ ಲೆಕ್ಕಕ್ಕೆ ತಕ್ಕಷ್ಟೇ ಜೊತೆಗೂಡುತ್ತದೆ ಎಂದಳು ಅಂಗಡಿಯವಳು. ಸೊಸೆ ಮೆಲ್ಲಗೆ ತುಳಿದಳು, ಅದೂ ಮೆಲ್ಲಗೆ ಹೋಯಿತು. ಏರಿನಲ್ಲಿ ಒತ್ತಿ ತುಳಿದಳು, ಅದೂ ಒತ್ತಿತು. ನಡುವೆ ನಿಂತಳು, ಅದೂ ನಿಂತಿತು. ಮತ್ತೆ ಹೊರಟಳು. ಮೇಲೆ ಹೋಗಿ ತಿರುಗಿದಾಗ ಅವಳ ಮುಖ ನೋಡಿ ಮನೆಯವರಿಗೆ ಯಾವುದೆಂದು ಗೊತ್ತಾಯಿತು.

"ಕೇಳಿದಷ್ಟೇ ಕೊಡುತ್ತೆ," ಅಂದಳು ಇಳಿದು ಬಂದು. "ಹಿಂದೆ ಯಾರೋ ಇದ್ದಾರೆ ಅನ್ನಿಸುತ್ತೆ, ತಳ್ತಿದ್ದಾರೆ ಅನ್ನಿಸಲ್ಲ."

ಗುಡ್ಡದ ಕೊನೆಯಲ್ಲಿ ಕಲ್ಲಿನ ಮೆಟ್ಟಿಲುಗಳಿವೆ, ಅಲ್ಲಿ ಹೇಗೆ ಎಂದು ಲಾಯರಮ್ಮ ಪಾಟೀಸವಾಲು ಹಾಕಿದಳು. ಅಂಗಡಿಯವಳು ಹ್ಯಾಂಡಲ್ಲಿನ ಒಂದು ಗುಂಡಿ ಒತ್ತಿ ಹಿಡಿದು ನಡೆದಳು. ಸೈಕಲ್ಲು ಅವಳ ಪಕ್ಕದಲ್ಲೇ ತಾನಾಗಿ ಉರುಳುತ್ತ ಅಂಗಡಿಯ ಮೆಟ್ಟಿಲೇರಿತು.

"ಜೊತೆಗೆ ನಡೆಯುತ್ತೆ, ಎದುರು ಮಾತಾಡಲ್ಲ," ಅಂದ ಅಜ್ಜ ಮೊಮ್ಮಗಳಿಗೆ. "ಇಂಥ ಗಂಡು ಸಿಕ್ಕಿದ್ರೆ ಹೇಳು, ಕಣ್ಮುಚ್ಚಿ ಒಪ್ಕೋತೀನಿ."

ರಿಪೇರಿ ಬಂದರೆ ಎಂದು ಮಗ ಕೇಳಿದ. ಎರಡನೆಯದರ ಮೋಟಾರನ್ನು ಬಿಚ್ಚಿ ದೂರದೂರಿಗೆ ಕಳಿಸಬೇಕು, ಮೂರನೆಯದನ್ನು ತಾನೇ ಇಲ್ಲೇ ನೋಡುತ್ತೇನೆ ಎಂದಳು ಅಂಗಡಿಯವಳು. ಅಲ್ಲಿಗೆ ವಾದ ಮುಗಿಯಿತು. ಆಮೇಲೆ ಅವಳು ಸೊಸೆಯನ್ನು ಕೆಲಸದ ಸ್ಪ್ಯಾನರುಗಳ ಚೀಲದ ಸಮೇತ ಕೂರಿಸಿ, ಸೀಟಿನ ಕೆಳಗಿನ ಗಾಳಿ ತುಂಬುವ ಸ್ಪ್ರಿಂಗಿಗೆ ಅವಳ ತೂಕಕ್ಕೆ ಸರಿಯಾಗಿ ಗಾಳಿ ಹಾಕಿದಳು. "ಕೂತಾಗ ಸ್ವಲ್ಪ ಕುಗ್ಗಬೇಕು, ಎದ್ದಾಗ ಮತ್ತೆ ಮೇಲೆ ಬರಬೇಕು. ಆಗ್ಲೇ ಇದು ಸರಿಯಿದೆ ಅಂತ."

ಅಜ್ಜ ಬಗ್ಗಿ ಅದನ್ನೇ ನೋಡಿದ. "ಇದೇನಾ ಫುಲ್ ಸಸ್ಪೆನ್ಷನ್ನು! ನಮ್ಮ ಡಿಪೋದ್ದು ಕುಗ್ಗಿಸ್ತಿತ್ತು ಅಷ್ಟೇ. ಮೇಲೆ ಎತ್ತೋಕೆ ಮನೇಲಿ ಒಬ್ರು ಬೇಕಾಗ್ತಿತ್ತು," ಅಂದ. ಸೊಸೆ ಕೇಳಿಸದವಳಂತೆ ಬ್ರೇಕು ಹಿಡಿದು ನೋಡಿದಳು.

ಮುಂದಿನ ವಾರಗಳಲ್ಲಿ ಅವಳು ಮೊದಲು ಬೀದಿಯಲ್ಲಿ, ಆಮೇಲೆ ಗುಡ್ಡದ ಬುಡದಲ್ಲಿ ತುಳಿದು ಕಲಿತಳು. ಒಮ್ಮೆ ಬೇರಿಗೆ ಸಿಕ್ಕಿ ಬಿದ್ದು ಮೊಣಕೈ ತರಚಿಕೊಂಡು ಬಂದಳು. ಮಗ ಬೈದ, ಲಾಯರಮ್ಮ ಗೇರಿನ ಪಾಠ ಹೇಳಿದಳು, ಅಜ್ಜ ಬ್ಯಾಟರಿ ಚಾರ್ಜಿಗೆ ಹಾಕುವ ಹೊಣೆ ಹೊತ್ತ. ಹಸಿರು ದೀಪ ಹತ್ತುವವರೆಗೂ ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ, ಹಾಲು ಉಕ್ಕುವುದನ್ನು ಕಾಯುವ ಹಾಗೆ.

ತಪಾಸಣೆಯ ದಿನ ಮೋಡ ಕವಿದಿತ್ತು. ಸೊಸೆ ಹೆಲ್ಮೆಟ್ಟು ಕಟ್ಟಿಕೊಂಡು ಹೊರಗೆ ಬಂದಳು. ಅಜ್ಜ ಡಬ್ಬ ಹಿಡಿದು ನಿಂತಿದ್ದ.

"ಡಬ್ಬ ಇಟ್ಟಿದೀನಮ್ಮಾ. ಮೊಟ್ಟೆ ಬೇಗ ಇಳಿಸಿದೀನಿ."

"ಮೇಲೆ ಹೋಗಿ ತಿಂತೀನಿ ಮಾವ," ಎಂದು ಅವಳು ಅದನ್ನು ಬೆನ್ನಿನ ಚೀಲಕ್ಕೆ ಹಾಕಿಕೊಂಡಳು. ಅಜ್ಜ ಸೀಟಿನ ಹಿಂಬದಿಯನ್ನು ಅಂಗೈಯಿಂದ ಎರಡು ಸಲ ತಟ್ಟಿ, ಬೀದಿಗೆಲ್ಲ ಕೇಳುವಂತೆ ಕೂಗಿದ. "ರೈಟ್! ರೈಟ್!"

ಅವಳು ಹೋದ ಮೇಲೆ ಹೊತ್ತು ಸರಿಯಲಿಲ್ಲ. ಅಜ್ಜ ನಲ್ಲಿ ತಿರುಗಿಸಿದ, ನಿಲ್ಲಿಸಿದ. ಬಟ್ಟೆ ಒಣಹಾಕಿದ, ಒಣಗದ್ದನ್ನೇ ತೆಗೆದ. ಮಗ ಕೆಲಸದಿಂದ ಬಂದು, ಫೋನು ಮಾಡಿದರೆ ಗುಡ್ಡದಲ್ಲಿ ಸಿಗುವುದಿಲ್ಲವೆಂದು ಗೊಣಗಿ, ಅಪ್ಪನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತ. ಲಾಯರಮ್ಮ ಕೂಡ ಬಂದು ಕೂತು, ಉಗುರು ಕಚ್ಚಿದಳು.

ಬೀದಿಯ ತಿರುವಿನಲ್ಲಿ ಸೈಕಲ್ಲು ಕಂಡಾಗ ಮೂವರೂ ಎದ್ದರು. ಕೆಸರು ಮೊಣಕಾಲಿನವರೆಗೂ ಹಾರಿತ್ತು. ಸೊಸೆ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸಿದಳು. ಹೆಲ್ಮೆಟ್ಟು ಬಿಚ್ಚಿದಳು. ಚೀಲದಿಂದ ಡಬ್ಬ ತೆಗೆದು ಮಾವನ ಕೈಗೆ ಕೊಟ್ಟಳು.

ಡಬ್ಬ ಹಗುರವಾಗಿತ್ತು. ಮುಚ್ಚಳ ತೆಗೆದು ಅಂಗೈ ಮೇಲೆ ಬೋರಲು ಹಾಕಿದ. ಒಳಗೆ ಅಂಟಿಕೊಂಡಿದ್ದ ಎರಡು ಹನಿ ನೀರು ಕೈಗೆ ಬಿತ್ತು, ಇನ್ನೂ ತಣ್ಣಗಿತ್ತು.

"ತೊಳ್ಕೊಂಡೇ ಬಂದೆ ಮಾವ," ಅಂದಳು ಸೊಸೆ. "ಮೇಲಿನ ತೊಟ್ಟಿಯ ನಲ್ಲೀಲಿ."